ಒಂದು ದಿನವೂ ತಡ ಮಾಡಲಿಲ್ಲ, ಆದರೂ ನನ್ನ ಸಿಬಿಲ್ ಸ್ಕೋರ್ ಇಳಿಯಿತು

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಕುಚ್ಚು. ಹಬ್ಬ ಹತ್ತಿರ ಬಂತು ಅಂದ್ರೆ ಚೌಕಿಪೇಟೆಗೆ ಹೋಗಿ ಲೈನಿಂಗ್ ಬಟ್ಟೆ, ಲೇಸು, ದಾರ ಎಲ್ಲ ಒಟ್ಟಿಗೆ ತಂದು ಹಾಕಿಕೊಳ್ಳುತ್ತೇನೆ. ಗಿರಾಕಿಗಳಿಂದ ದುಡ್ಡು ಬರುವುದು ಹೊಲಿದು ಕೊಟ್ಟ ಮೇಲೆ. ಅದಕ್ಕೇ ಐದು ವರ್ಷದಿಂದ ಈ ಖರೀದಿಯೆಲ್ಲ ಕ್ರೆಡಿಟ್ ಕಾರ್ಡ್ ಮೇಲೆ. ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟಿದ್ದೇನೆ, ಒಂದು ಸಲವೂ ಕೊನೇ ದಿನ ದಾಟಿಲ್ಲ.

2025ರ ದೀಪಾವಳಿ ಮುಗಿದ ವಾರ ಎಂಬ್ರಾಯ್ಡರಿ ಮಷಿನ್‌ಗೆ ಎರಡೂವರೆ ಲಕ್ಷ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲವನ್ನು ಹೇಗೆ ಬಳಸಿ ತೀರಿಸುತ್ತೇವೆ ಅನ್ನುವುದಕ್ಕೆ ಸಿಗುವ ಅಂಕ, ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. 728. ಜೂನ್‌ನಲ್ಲಿ ಮೊಬೈಲ್‌ನಲ್ಲಿ ನಾನೇ ನೋಡಿದಾಗ 781 ಇತ್ತು.

"ಸರ್, ಒಂದು ದಿನಾನೂ ಲೇಟ್ ಮಾಡಿಲ್ಲವಲ್ರೀ."

"ಲೇಟ್ ಅಂತ ನಾನೆಲ್ಲಿ ಅಂದೆ ಮೇಡಂ? ಕಾರ್ಡ್ ತುಂಬಿದೆ, ನೋಡ್ರಿ. ಒಂದೆರಡು ತಿಂಗಳು ಬಾಕಿ ಇಳಿಸಿ ಬನ್ನಿ."

ಹೊರಗೆ ಬಂದವಳು ಇನ್ನೊಂದು ಬ್ಯಾಂಕಿಗೆ ಹೋಗಲಿಲ್ಲ. ಸಾಲಕ್ಕಾಗಿ ಬ್ಯಾಂಕ್‌ಗಳು ಮೇಲಿಂದ ಮೇಲೆ ಸ್ಕೋರ್ ತೆಗೆಸಿದರೆ ಅದೂ ನಮ್ಮ ಸಾಲದ ರಿಪೋರ್ಟ್‌ನಲ್ಲಿ ಬೀಳುತ್ತದೆ, ಸ್ಕೋರ್ ಇನ್ನಷ್ಟು ಇಳಿಯಬಹುದು. ನಾವೇ ನಮ್ಮದನ್ನು ನೋಡಿಕೊಂಡರೆ ಏನೂ ಆಗುವುದಿಲ್ಲ. ಆ ರಾತ್ರಿಯೇ ಸಿಬಿಲ್‌ನ ಉಚಿತ ರಿಪೋರ್ಟ್ ತೆಗೆದೆ. ಇಂಥ ರಿಪೋರ್ಟ್, ಸ್ಕೋರ್ ಕೊಡುವ ಕಂಪನಿಗಳು ಸಿಬಿಲ್ ಜೊತೆಗೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ಇವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು.

ನನ್ನ ಕಾರ್ಡಿನ ಪುಟ ತೆರೆದೆ. ತಿಂಗಳು ತಿಂಗಳಿಗೂ ಒಂದೊಂದು ಚಿಕ್ಕ ಚೌಕ, ಒಳಗೆ 000. ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ ಅದು; ಮೂರು ಸೊನ್ನೆ ಅಂದರೆ ತಡವೇ ಇಲ್ಲ. ಅದನ್ನು ನೋಡಿ ಜೀವಕ್ಕೆ ಸಮಾಧಾನ ಆಯಿತು. ಅದೇ ಪುಟದ ಮೇಲ್ಗಡೆ: ಲಿಮಿಟ್ 60,000, ಬಾಕಿ 52,340. ಪಕ್ಕದಲ್ಲಿ ಆ ಬಾಕಿ ಯಾವ ದಿನದ್ದು ಅಂತ ತಾರೀಖು. ಅಕ್ಟೋಬರ್ 15.

ಆ ತಾರೀಖು ನೋಡಿದ ಮೇಲೆ ಎಲ್ಲ ಬಿಡಿಸಿಕೊಂಡಿತು. ನನ್ನ ಬಿಲ್ ಆಗುವುದು 12ಕ್ಕೆ. ಕಟ್ಟಲು ಕೊನೇ ದಿನ ಮುಂದಿನ ತಿಂಗಳ 1. 2025ರ ಜನವರಿಯಿಂದ ಬ್ಯಾಂಕ್‌ಗಳು ಹದಿನೈದು ದಿನಕ್ಕೊಮ್ಮೆ, ಅಂದರೆ 15ನೇ ತಾರೀಖು ಮತ್ತು ತಿಂಗಳ ಕೊನೇ ದಿನದ ಲೆಕ್ಕವನ್ನು ಈ ಕಂಪನಿಗಳಿಗೆ ಕಳಿಸಬೇಕಿತ್ತು. ಅದಕ್ಕೂ ಮೊದಲು ತಿಂಗಳಿಗೊಮ್ಮೆ ಇತ್ತು. ಈಗ ಲೆಕ್ಕ ಹಾಕಿ ನೋಡಿ. ಖರೀದಿ ತಿಂಗಳ ಮೊದಲ ವಾರ. 15ಕ್ಕೆ ಬಾಕಿ ಪೂರ್ತಿ ನಿಂತಿರುತ್ತದೆ. 31ಕ್ಕೂ ನಿಂತಿರುತ್ತದೆ. ನಾನು ಕಟ್ಟುವುದು 1ಕ್ಕೆ. ಒಂದೇ ದಿನದ ಅಂತರದಲ್ಲಿ, ಲೆಕ್ಕ ಹೋದ ಎರಡೂ ದಿನ ನನ್ನ ಕಾರ್ಡ್ ತುಂಬಿದ ಕಾರ್ಡೇ! ಊಟ ಮಾಡಿದ ಕೂಡಲೇ ಬಂದವರ ಸೊಂಟದ ಅಳತೆ ತೆಗೆದರೆ ಅರ್ಧ ಇಂಚು ಜಾಸ್ತಿನೇ ಬರುತ್ತದೆ. ಟೇಪಿನದೂ ತಪ್ಪಿಲ್ಲ, ಅವರದೂ ತಪ್ಪಿಲ್ಲ.

ಸ್ಕೋರ್‌ನ ಪೂರ್ತಿ ಸೂತ್ರವನ್ನು ಕಂಪನಿಗಳು ಹೊರಗೆ ಹೇಳುವುದಿಲ್ಲ. ಆದರೆ ಲಿಮಿಟ್‌ನಲ್ಲಿ ಎಷ್ಟು ಬಳಸಿದ್ದೀರಿ ಅನ್ನುವುದಕ್ಕೆ ಅಲ್ಲಿ ಒಳ್ಳೇ ತೂಕ ಇದೆ. ಶೇ 30ರ ಒಳಗಿರಲಿ ಅಂತ ಎಲ್ಲರೂ ಹೇಳುವ ಮಾತು. ನನ್ನದು ಶೇ 87.

ಹಾಗಂತ ಸರಿಯಾದ ದಿನಕ್ಕೆ ಕಟ್ಟಿದ್ದು ವ್ಯರ್ಥ ಅಲ್ಲ. ತಡವಾಗಿದ್ದು ವರ್ಷಗಟ್ಟಲೆ ರಿಪೋರ್ಟ್‌ನಲ್ಲಿ ಉಳಿಯುತ್ತದೆ. ಬಾಕಿ ಜಾಸ್ತಿ ಇದ್ದದ್ದು, ಇಳಿಸಿದರೆ ಮುಂದಿನ ಲೆಕ್ಕದಲ್ಲೇ ಸರಿಯಾಗುತ್ತಾ ಹೋಗುತ್ತದೆ. ನನ್ನ ನಾದಿನಿ ಪ್ರತಿ ತಿಂಗಳು ಬಿಲ್‌ನಲ್ಲಿ ಕೇಳುವ ಮಿನಿಮಮ್ ಮೊತ್ತ ಮಾತ್ರ ಕಟ್ಟುತ್ತಿದ್ದಳು. ಅವಳ ಚೌಕಗಳಲ್ಲೂ 000 ಇತ್ತು. ಬಾಕಿ ಮಾತ್ರ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿಯಲ್ಲಿ ಏರುತ್ತಲೇ ಇತ್ತು. ಅವಳನ್ನು ಕೂರಿಸಿಕೊಂಡು ಎರಡು ಪುಟ ತೋರಿಸಿದ ಮೇಲೆ ಚೀಟಿ ದುಡ್ಡು ಎತ್ತಿ ಅದನ್ನು ತೀರಿಸಿದಳು. ನನಗೆ ಅದೇ ದೊಡ್ಡ ಸಂತೋಷ.

ನನ್ನದೇ ಇನ್ನೊಂದು ಕಾರ್ಡ್ ಇತ್ತು, ಬಳಸದೆ ಬಿದ್ದಿತ್ತು. ಸುಮ್ನೆ ಯಾಕೆ ಅಂತ ಮುಚ್ಚಿಸಲು ಹೊರಟಿದ್ದೆ. ಮುಚ್ಚಿಸಿದ್ದರೆ ಅದರ ಲಿಮಿಟ್ ಕೂಡ ಲೆಕ್ಕದಿಂದ ಹೋಗುತ್ತಿತ್ತು. ಎರಡೂ ಸೇರಿಸಿದಾಗ ಬಳಕೆ ಕಡಿಮೆ ಕಾಣುತ್ತದೆ. ವರ್ಷದ ಫೀಸ್ ಇಲ್ಲದ ಕಾರ್ಡ್ ಆದ್ದರಿಂದ ಇಟ್ಟುಕೊಂಡೆ. ಅದರಲ್ಲೂ ಒಂದು ತಪ್ಪು ಸಿಕ್ಕಿತು. ಲಿಮಿಟ್ 75,000ಕ್ಕೆ ಏರಿ ವರ್ಷವಾಗಿದೆ, ರಿಪೋರ್ಟ್‌ನಲ್ಲಿ ಇನ್ನೂ ಹಳೇ 40,000! ಅಂದರೆ ಎರಡೂ ಕಾರ್ಡ್ ಸೇರಿ ಶೇ 39 ಇರಬೇಕಾದ ಬಳಕೆ ಶೇ 52 ಅಂತ ಕಾಣುತ್ತಿತ್ತು. ಆನ್‌ಲೈನ್‌ನಲ್ಲಿ ತಕರಾರು ಹಾಕಿದೆ, ಕಾರ್ಡ್ ಕೊಟ್ಟ ಬ್ಯಾಂಕಿಗೂ ಬರೆದೆ. ಬ್ಯಾಂಕ್ ಒಪ್ಪದೆ ಸ್ಕೋರ್ ಕಂಪನಿ ತಾನಾಗಿ ತಿದ್ದುವುದಿಲ್ಲ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ನನಗೆ 19 ದಿನದಲ್ಲಿ ಸರಿಯಾಯಿತು.

ಖರ್ಚೇನೂ ಕಡಿಮೆ ಮಾಡಲಿಲ್ಲ, ಮಾಡಲು ಆಗುವುದೂ ಇಲ್ಲ. ಕಟ್ಟುವ ದಿನ ಬದಲಿಸಿದೆ ಅಷ್ಟೇ. ಗಿರಾಕಿಗಳಿಂದ ಬಂದದ್ದನ್ನು ಬಂದ ಹಾಗೆ 13ರ ಒಳಗೆ ಒಂದು ಕಂತು ಹಾಕುತ್ತೇನೆ, ಉಳಿದದ್ದು 28ಕ್ಕೆ. ಕಟ್ಟಿದ್ದು ಕಾರ್ಡ್ ಖಾತೆಗೆ ಜಮಾ ಆಗಲು ಒಮ್ಮೊಮ್ಮೆ ಎರಡು ದಿನ ಬೇಕಾಗಬಹುದು, ಅದಕ್ಕೇ ಈ ಅಂತರ. ನಿಮ್ಮ ಬಿಲ್ ತಾರೀಖು ಬೇರೆ ಇರುತ್ತದೆ. ರಿಪೋರ್ಟ್‌ನಲ್ಲಿ ಬಾಕಿಯ ಪಕ್ಕದ ತಾರೀಖು ನೋಡಿಕೊಂಡು ಲೆಕ್ಕ ಹಾಕಿ. ಬಿಲ್ ತಾರೀಖನ್ನೇ ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶವನ್ನೂ ರಿಸರ್ವ್ ಬ್ಯಾಂಕ್ ಕೊಟ್ಟಿದೆ.

ಜನವರಿಯಲ್ಲಿ ಹೊಸ ವರ್ಷದ ರಿಪೋರ್ಟ್ ತೆಗೆದಾಗ ಬಾಕಿ 9,800, ಸ್ಕೋರ್ 776. ಅದೇ ಅಧಿಕಾರಿಯ ಹತ್ತಿರ ಹೋದೆ. ಮಷಿನ್ ಈಗ ಕಿಟಕಿ ಪಕ್ಕ ಕೂತಿದೆ. ಅದರ ಮೇಲಿನ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ 13 ಮತ್ತು 28ಕ್ಕೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ನಿಂದ ಸುತ್ತು ಹಾಕಿದ್ದೇನೆ.