ಶುಗರ್ ಇಲ್ಲದ ಅಜ್ಜನಿಗೆ ಗಂಟೆಗೆ 60 ಯೂನಿಟ್ ಇನ್ಸುಲಿನ್

ಅಜ್ಜನನ್ನು ಐಸಿಯುಗೆ ತಂದಾಗ ಬಿಪಿ 70/40. ಆದರೂ ಮಾತಾಡುತ್ತಿದ್ದರು. "ಏನೂ ಆಗಿಲ್ಲ ಡಾಕ್ಟ್ರೇ, ಸ್ವಲ್ಪ ತಲೆಸುತ್ತು ಅಷ್ಟೇ" ಅಂದರು. ಸೊಸೆ ಮಾತ್ರೆಯ ಕವರ್ ತಂದಿದ್ದು ಒಳ್ಳೆಯದಾಯಿತು. ಮಂಡಿನೋವಿನ ಸ್ಟ್ರಿಪ್ ಹಾಗೇ ಇತ್ತು, ಬಿಪಿ ಮಾತ್ರೆ ಆಮ್ಲೋಡಿಪಿನ್ ಸ್ಟ್ರಿಪ್ ಖಾಲಿ. ಕಣ್ಣು ಮಂಜು. ರಾತ್ರಿಯಿಡೀ ನೋವಿನ ಮಾತ್ರೆ ಅಂತಲೇ ಒಂದೊಂದಾಗಿ ಅದನ್ನು ನುಂಗಿದ್ದರು.

ಬೆರಳು ಚುಚ್ಚಿ ನೋಡಿದರೆ ಶುಗರ್ 286. ಅಜ್ಜನಿಗೆ ಸಕ್ಕರೆ ಕಾಯಿಲೆಯೇ ಇಲ್ಲ! ಈ ಜಾತಿಯ ಮಾತ್ರೆ ಜಾಸ್ತಿಯಾದರೆ ಹೀಗೇ ಆಗುತ್ತದೆ. ರಕ್ತನಾಳದ ಗೋಡೆಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ಅದನ್ನು ಸಡಿಲ ಮಾಡುವುದು ಇದರ ಕೆಲಸ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದಕ್ಕೂ ಅದೇ ಕ್ಯಾಲ್ಸಿಯಂ ಬೇಕು. ಅದೂ ನಿಂತುಹೋಗುತ್ತದೆ. ಕಷ್ಟದಲ್ಲಿರುವ ಹೃದಯಕ್ಕೆ ಸಕ್ಕರೆಯೇ ಇಂಧನ. ರಕ್ತದಲ್ಲಿ ಅದು ಬೇಕಾದಷ್ಟಿದೆ, ಒಳಗೆ ತಲುಪಿಸಲು ಇನ್ಸುಲಿನ್ ಇಲ್ಲ.

ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟೆವು, ಕುತ್ತಿಗೆಯಲ್ಲಿ ಲೈನ್ ಹಾಕಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿದೆವು. ಸಲೈನ್ ಮಾತ್ರ ಕೈ ಹಿಡಿದೇ ಕೊಟ್ಟೆ. ಬಿಪಿ ಇಲ್ಲ ಅಂತ ಸುಮ್ನೆ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಆಮೇಲೆ ಇನ್ಸುಲಿನ್ ಬರೆದೆ. ಅಜ್ಜ 60 ಕೆಜಿ. ಮೊದಲು ಒಮ್ಮೆಗೇ 60 ಯೂನಿಟ್, ನಂತರ ಗಂಟೆಗೆ 60, ಜೊತೆಗೆ ಶುಗರ್ ತೀರಾ ಇಳಿಯದಂತೆ ಗ್ಲೂಕೋಸ್ ನೀರು, ಅಂದರೆ ಡೆಕ್ಸ್‌ಟ್ರೋಸ್. ಸಿಸ್ಟರ್ ಚೀಟಿ ಹಿಡಿದುಕೊಂಡು ವಾಪಸ್ ಬಂದರು. "ಮೇಡಂ, ಆರೋ ಅರವತ್ತೋ?" ಅವರು ಕೇಳಿದ್ದು ಸರಿಯೇ. ವಾರ್ಡಿನಲ್ಲಿ ನಾವು ಆರು, ಎಂಟು ಅಂತ ಬರೆಯುವವರು. 400 ಯೂನಿಟ್‌ನ ಬಾಟಲಿ ಏಳು ಗಂಟೆ ಕೂಡ ಬರುವುದಿಲ್ಲ. ಪಕ್ಕದಲ್ಲಿ ನಿಂತು ಲೆಕ್ಕ ಹೇಳಿ, ಇಬ್ಬರೂ ಸೇರಿ ಸಿರಿಂಜ್ ತುಂಬಿದೆವು.

ಹಿಂದೊಮ್ಮೆ ಇಂಥದ್ದೇ ಕೇಸಿನಲ್ಲಿ ಬೇರೆಲ್ಲ ಔಷಧಿ ಸೋತ ಮೇಲೆ ಇನ್ಸುಲಿನ್ ಹಾಕಿದ್ದೆ. ಅವರು ಉಳಿಯಲಿಲ್ಲ. ಇದು ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಸಮಯ ಅವರ ಹತ್ತಿರ ಉಳಿದಿರಲಿಲ್ಲ. ಈ ಸಲ ಕಾಯಲಿಲ್ಲ.

ಮೊದಲ ಒಂದು ಗಂಟೆ ಏನೂ ಬದಲಾಗಲಿಲ್ಲ. ಗಂಟೆಗೆ 120ಕ್ಕೆ ಏರಿಸಿದೆ. ಸಂಜೆ ಹೊತ್ತಿಗೆ ಮೇಲಿನ ಬಿಪಿ 96 ಬಂತು, ಯೂರಿನ್ ಬ್ಯಾಗಿನಲ್ಲಿ ಮೂತ್ರ ಕಂಡಿತು. ಆ ಹಳದಿ ಬಣ್ಣ ನೋಡಿ ಎಷ್ಟು ಖುಷಿಯಾಯಿತು ಅಂದರೆ!

ನಿಜವಾದ ಕಷ್ಟ ಸಿಸ್ಟರ್‌ಗಳದ್ದು. ಮೊದಮೊದಲು 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಶುಗರ್. ಪೊಟ್ಯಾಸಿಯಂ ಕೂಡ ಇಳಿಯುತ್ತದೆ, ಅದನ್ನೂ ಕಾಯಬೇಕು. ರಾತ್ರಿ ಎರಡಕ್ಕೆ ಶುಗರ್ 64. ಡೆಕ್ಸ್‌ಟ್ರೋಸ್ ಜಾಸ್ತಿ ಮಾಡಿದೆವು, ಇನ್ಸುಲಿನ್ ನಿಲ್ಲಿಸಲಿಲ್ಲ. ಭಯಕ್ಕೆ ಅದನ್ನು ನಿಲ್ಲಿಸುವುದೇ ದೊಡ್ಡ ತಪ್ಪು. ಆಮ್ಲೋಡಿಪಿನ್ ಬೇಗ ಮೈಬಿಟ್ಟು ಹೋಗುವುದಲ್ಲ, ಅರ್ಧ ಇಳಿಯಲಿಕ್ಕೇ 30ರಿಂದ 50 ಗಂಟೆ ಬೇಕು.

ಮೂರನೇ ದಿನ ನಾರ್‌ಅಡ್ರಿನಲಿನ್ ನಿಂತಿತು, ಆಮೇಲೆ ಇನ್ಸುಲಿನ್. ಅದಾದ ಮೇಲೂ ಒಂದು ದಿನ ಡೆಕ್ಸ್‌ಟ್ರೋಸ್ ಇಟ್ಟು ಗಂಟೆಗೊಮ್ಮೆ ಶುಗರ್ ನೋಡುತ್ತಲೇ ಇದ್ದೆವು. ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಅಜ್ಜ ಎರಡೂ ಕೈ ಚಾಚಿ ಹತ್ತು ಬೆರಳು ತೋರಿಸಿದರು. "ನೋಡಿ ಡಾಕ್ಟ್ರೇ, ಚುಚ್ಚಿ ಚುಚ್ಚಿ ಜರಡಿ ಮಾಡಿಟ್ಟಿದ್ದಾರೆ ನಿಮ್ಮ ಹುಡುಗೀರು."