ವಾರ್ಡ್ ಆಫೀಸಿಗೆ ಹೊಸದಾಗಿ ಸೇರಿದವರಿಗೆ

ಮುಂಬೈ ಪಾಲಿಕೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಿ ಸೇರಿದ ನಮ್ಮವರಿಗೆ ಒಂದು ಮಾತು. ಅಕ್ರಮ ಕಟ್ಟಡದ ದೂರು ಬಂದರೆ ಮೊದಲು ಟೇಪು ಹಿಡಿದು ನೀವೇ ಅಳೆಯಿರಿ. ಮುಕಾದಮರ (ಕೂಲಿಯವರ ಮೇಸ್ತ್ರಿಯ) ಅಂದಾಜು ಸಾಲದು. ಫೋಟೋದಲ್ಲಿ ತಾರೀಖು ಕಾಣಬೇಕು. ನಾನು ಹೊಸದರಲ್ಲಿ ನೋಟಿಸಿನಲ್ಲಿ ಎರಡನೇ ಮಹಡಿ ಬದಲು ಮೂರನೇದು ಅಂತ ಬರೆದುಬಿಟ್ಟಿದ್ದೆ. ಎದುರು ವಕೀಲರು ಅದೊಂದನ್ನೇ ಹಿಡಿದು ಜಗ್ಗಿದರು!

ಕೆಲಸ ಇನ್ನೂ ನಡೆಯುತ್ತಿದ್ದರೆ 1888ರ ಮುಂಬೈ ಪಾಲಿಕೆ ಕಾಯ್ದೆಯ 354ಎ ಕಲಮಿನ ನೋಟಿಸು. ಕಟ್ಟಿಸುವವರು ಕೆಲಸ ನಿಲ್ಲಿಸಿ 24 ಗಂಟೆಯೊಳಗೆ ಅನುಮತಿ ಪತ್ರ ತೋರಿಸಬೇಕು. ಕಟ್ಟಿ ಮುಗಿದಿದ್ದರೆ 351ನೇ ಕಲಮಿನ ನೋಟಿಸು. ಎರಡನ್ನೂ ಗಲಿಬಿಲಿ ಮಾಡಿಕೊಳ್ಳಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಕೆಡವುವ ಮೊದಲು 15 ದಿನದ ನೋಟಿಸು, ಅದೂ ರಿಜಿಸ್ಟರ್ಡ್ ಅಂಚೆಯಲ್ಲಿ, ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ರಸ್ತೆ, ಫುಟ್‌ಪಾತ್ ಒತ್ತುವರಿಗೆ ಈ ಮಾತು ಅನ್ವಯಿಸುವುದಿಲ್ಲ. ಗೋಡೆಗೆ ಅಂಟಿಸಿದ ನೋಟಿಸಿನ ಫೋಟೋವನ್ನೂ ಫೈಲಿಗೆ ಹಾಕಿ.

ಮರಾಠಿ ಬರೆಯಲು ಬೇಗ ಕಲಿಯಿರಿ, ಮಾತು ಬಂದರೆ ಸಾಲದು. ಇನ್ನೊಂದು ಸಂಕಟ ಇದೆ. ಹೋಟೆಲಿನ ಶೆಟ್ಟರು "ನೀವು ನಮ್ಮೂರಿನವರಲ್ವಾ" ಅಂತ ಚಹಾ ತರಿಸುತ್ತಾರೆ. ಕುಡಿಯಿರಿ, ದುಡ್ಡು ಕೊಟ್ಟು. ಅಳತೆ ಮಾತ್ರ ಚಹಾಕ್ಕಿಂತ ಮೊದಲು ಮುಗಿಸಿ.