ಫೆಸೆಂಟ್ ಹಕ್ಕಿಯ ಪುಕ್ಕ ಕೀಳುವ ಕೆಲಸ: ನನ್ನ ಅನುಭವ

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಫೆಸೆಂಟ್ ಎಂಬ ಕೋಳಿ ಜಾತಿಯ ಕಾಡುಹಕ್ಕಿಯನ್ನು ಬೇಟೆಯಾಡುವವರಲ್ಲಿ ಅನೇಕರು ಪುಕ್ಕ ಕೀಳುವ ಗೋಜಿಗೆ ಹೋಗುವುದಿಲ್ಲ. ಅಂಗಿ ಕಳಚಿದಂತೆ ಚರ್ಮವನ್ನು ಪುಕ್ಕಸಮೇತ ಎಳೆದು ತೆಗೆದು, ಎದೆಯ ಮಾಂಸವನ್ನಷ್ಟೇ ಬಿಡಿಸಿಕೊಂಡು ಉಳಿದದ್ದನ್ನು ಎಸೆದುಬಿಡುತ್ತಾರೆ. ಕೊಡಗಿನ ಮನೆಯಲ್ಲಿ ನಾಟಿಕೋಳಿಯನ್ನು ಚರ್ಮ ಉಳಿಸಿಕೊಂಡೇ ಬೆಂಕಿಯಲ್ಲಿ ಸುಟ್ಟು, ಅರಿಶಿನ ತಿಕ್ಕಿ ತೊಳೆಯುವುದನ್ನು ನೋಡಿ ಬೆಳೆದ ನನಗೆ ಈ ಕ್ರಮ ಒಗ್ಗಲಿಲ್ಲ. ಫೆಸೆಂಟ್ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಇರುವ ಅಲ್ಪಸ್ವಲ್ಪವೂ ಚರ್ಮದ ಅಡಿಯಲ್ಲೇ ಇರುವುದರಿಂದ, ಚರ್ಮ ಹೋದರೆ ಬೇಯುವಾಗ ಎದೆ ಒಣಗಿ ನಾರಾಗುತ್ತದೆ. ಊರಿನಲ್ಲಿ ಕೋವಿ ಇದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಮ್ಮ ತಲೆಮಾರಿಗೆ ಬೇಟೆಯಿಲ್ಲ. ಹಾಗಾಗಿ ಕಾಡುಹಕ್ಕಿಯ ಮಟ್ಟಿಗೆ ನನಗೆ ಗೊತ್ತಿರುವುದೆಲ್ಲ ಇಲ್ಲಿಯೇ ಕಲಿತದ್ದು.

ಇಲ್ಲಿ ದಿನಕ್ಕೆ ಮೂರು ಹುಂಜಗಳನ್ನು ಹೊಡೆಯಲು ಅನುಮತಿಯಿದೆ, ಹೇಟೆಗಳನ್ನು ಮುಟ್ಟುವಂತಿಲ್ಲ. ಸಾಗಿಸುವಾಗ ಹುಂಜವೆಂದು ಗುರುತಿಸಲು ತಲೆ, ಕಾಲು ಅಥವಾ ಪುಕ್ಕವಿರುವ ಪೂರ್ತಿ ರೆಕ್ಕೆ ಇವುಗಳಲ್ಲಿ ಒಂದಾದರೂ ಹಕ್ಕಿಗೆ ಅಂಟಿಕೊಂಡಿರಬೇಕೆಂಬ ನಿಯಮವಿರುವುದರಿಂದ, ಹೊಲದಲ್ಲಿ ನಾನು ಕರುಳನ್ನು ಮಾತ್ರ ತೆಗೆಯುತ್ತೇನೆ. ಗುದದ್ವಾರದ ಮೇಲೆ ಎರಡು ಬೆರಳು ಹಿಡಿಸುವಷ್ಟು ಸೀಳಿ, ಕರುಳನ್ನು ಮೆಲ್ಲಗೆ ಹೊರಗೆಳೆದು, ಹಕ್ಕಿಯನ್ನು ಗಾಳಿಯಾಡುವಂತೆ ನೇತುಹಾಕುತ್ತೇನೆ. ಚರೆ, ಅಂದರೆ ಕೋವಿಯ ತೋಟಾದಿಂದ ಚದುರಿ ಹಾರುವ ಸಣ್ಣ ಗುಂಡು, ಕರುಳನ್ನು ತೂರಿಹೋಗಿದ್ದರೆ ಈ ಕೆಲಸ ತಡವಾಗಲೇಬಾರದು. ಬಿಸಿಬಿಸಿ ಹಕ್ಕಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದರ ಮೇಲೊಂದು ತುರುಕುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಇಲ್ಲಿನ ಕಾಡುಹಕ್ಕಿಗಳಲ್ಲಿಯೂ ಹಕ್ಕಿಜ್ವರ ಕಾಣಿಸಿಕೊಂಡಿರುವುದರಿಂದ ಕೈಗವಸಿಲ್ಲದೆ ನಾನು ಯಾವ ಹಕ್ಕಿಯನ್ನೂ ಬಗೆಯುವುದಿಲ್ಲ.

ಮನೆಗೆ ತಂದ ಹಕ್ಕಿಯನ್ನು ಪುಕ್ಕಸಮೇತ ಎರಡು ದಿನ ಫ್ರಿಜ್ಜಿನಲ್ಲಿ ಇಟ್ಟರೆ ಮಾಂಸ ಹದಕ್ಕೆ ಬರುತ್ತದೆ, ಚರ್ಮವೂ ಸ್ವಲ್ಪ ಬಿಗಿಯಾಗುತ್ತದೆ. ಪುಕ್ಕ ಕೀಳುವಾಗ ಮುಖ್ಯವಾದದ್ದು ನೀರಿನ ಬಿಸಿ. ಫೆಸೆಂಟ್ ಚರ್ಮ ನಾಟಿಕೋಳಿಯದಕ್ಕಿಂತ ಬಹಳ ತೆಳು. ಕುದಿಯುವ ನೀರಿಗೆ ಅದ್ದಿದರೆ ಚರ್ಮವೇ ಬೆಂದು ಪುಕ್ಕದೊಡನೆ ಕಿತ್ತುಬರುತ್ತದೆ. ಆದ್ದರಿಂದ ದೊಡ್ಡ ಪಾತ್ರೆಯ ನೀರನ್ನು ಉಷ್ಣಮಾಪಕದಲ್ಲಿ ನೋಡಿಕೊಂಡು 63 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟು, ಪುಕ್ಕದ ಬುಡಕ್ಕೆ ನೀರಿಳಿಯಲೆಂದು ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಹಕ್ಕಿಯನ್ನು ಕಾಲಿನಲ್ಲಿ ಹಿಡಿದು ಸುಮಾರು ಅರ್ಧ ನಿಮಿಷ ಮೇಲೆ ಕೆಳಗೆ ಆಡಿಸುತ್ತೇನೆ. ಬಾಲದ ಉದ್ದ ಗರಿಯೊಂದನ್ನು ಎಳೆದಾಗ ಅದು ಸಲೀಸಾಗಿ ಬಂದರೆ ಸಾಕು, ಹೊರತೆಗೆದು ತಣ್ಣೀರಿಗೆ ಹಾಕಬೇಕು.

ಎದೆ ಮತ್ತು ತೊಡೆಯ ಭಾಗದಲ್ಲಿ ಅವಸರ ಸಲ್ಲದು. ಎಡಗೈಯ ಬೆರಳುಗಳಿಂದ ಚರ್ಮವನ್ನು ಬಿಗಿಯಾಗಿ ಒತ್ತಿ ಹಿಡಿದು, ಬಲಗೈಯಲ್ಲಿ ಒಂದು ಸಲಕ್ಕೆ ನಾಲ್ಕೈದು ಪುಕ್ಕಗಳನ್ನಷ್ಟೇ ಕೀಳುತ್ತೇನೆ. ಚರೆ ತಾಗಿದ ತೂತುಗಳಿಂದಲೇ ಚರ್ಮ ಹರಿಯಲು ಆರಂಭವಾಗುವುದರಿಂದ ಅಂಥ ಜಾಗವನ್ನು ಕೊನೆಗೆ ಬಿಡುತ್ತೇನೆ. ಬೆನ್ನಿನಲ್ಲಿ ಇಷ್ಟು ನಾಜೂಕು ಬೇಕಿಲ್ಲ. ರೆಕ್ಕೆಯ ತುದಿಯಲ್ಲಿ ಮಾಂಸವಿಲ್ಲ, ಕತ್ತರಿಸಿಬಿಡುತ್ತೇನೆ. ಉಳಿದ ಕೂದಲಿನಂಥ ಎಳೆಗಳನ್ನು ಗ್ಯಾಸ್ ಉರಿಯ ಮೇಲೆ ಹಾಯಿಸಿ ಸುಟ್ಟು, ಉಪ್ಪು ಅರಿಶಿನ ಹಚ್ಚಿ ಉಜ್ಜುವ ಕ್ರಮ ಮಾತ್ರ ಊರಿನದೇ.

ಇನ್ನು ಒಳಗಿನ ಕೆಲಸ. ಕೊರಳ ಬುಡದ ಕಾಳಿನ ಚೀಲವನ್ನು ಒಡೆಯದಂತೆ ಬೆರಳಿನಿಂದ ಚರ್ಮದಿಂದ ಬಿಡಿಸಬೇಕು. ಸಂಜೆಯ ಹೊತ್ತು ಹೊಡೆದ ಹುಂಜದಲ್ಲಿ ಅದು ಜೋಳದ ಕಾಳಿನಿಂದ ಬಿರಿಯುವಂತಿರುತ್ತದೆ. ಒಂದೊಂದು ಕಾಳೂ ಇನ್ನೂ ಇಡಿಯಾಗಿಯೇ ಇರುವುದರಿಂದ ಹಕ್ಕಿ ಯಾವ ಹೊಲದಲ್ಲಿ ಮೇಯುತ್ತಿತ್ತೆಂದು ತಿಳಿದು ಮರುದಿನ ಅಲ್ಲಿಗೇ ಹೋಗಬಹುದು. ಕಾರ್ಜಕ್ಕೆ ಅಂಟಿದ ಹಸಿರು ಪಿತ್ತದ ಚೀಲ ಒಡೆದರೆ ಸುತ್ತಲಿನದೆಲ್ಲ ಕಹಿ, ಹಾಗಾಗಿ ಅದನ್ನು ಕಾರ್ಜದ ಒಂದು ಚೂರಿನ ಸಮೇತ ಕತ್ತರಿಸುವುದೇ ಕ್ಷೇಮ. ಪಕ್ಕೆಲುಬಿಗೆ ಕಚ್ಚಿಕೊಂಡ ಶ್ವಾಸಕೋಶವನ್ನು ಕೆರೆದು ತೆಗೆದು, ಬಾಲದ ಬುಡದ ಎಣ್ಣೆಗಂಟನ್ನು ಕತ್ತರಿಸಿದ ಮೇಲೆ ಒಳಗೆಲ್ಲ ತಣ್ಣೀರಿನಲ್ಲಿ ತೊಳೆದು ಒರೆಸುತ್ತೇನೆ.

ನಾಟಿಕೋಳಿಯಲ್ಲಿ ಇಲ್ಲದ ಒಂದು ಕೆಲಸ ಚರೆ ಹುಡುಕುವುದು. ಚರೆ ಒಳಹೊಕ್ಕಾಗ ಪುಕ್ಕವನ್ನೂ ತನ್ನೊಡನೆ ಎಳೆದುಕೊಂಡು ಹೋಗಿರುತ್ತದೆ. ಕಪ್ಪಾದ ಪ್ರತಿಯೊಂದು ತೂತಿಗೂ ಚಿಮಟ ಇಳಿಸಿದರೆ ರಕ್ತದಲ್ಲಿ ಮೆತ್ತಿದ ಸಣ್ಣ ಪುಕ್ಕದ ಉಂಡೆ ಬರುತ್ತದೆ, ಅದರ ತುದಿಯಲ್ಲಿ ಅನೇಕ ಸಲ ಚರೆಯೂ ಸಿಗುತ್ತದೆ. ಇಲ್ಲಿನ ಹಲವು ಸಾರ್ವಜನಿಕ ಜಮೀನುಗಳಲ್ಲಿ ಸೀಸದ ಚರೆ ಬಳಸುವಂತಿಲ್ಲವಾದ್ದರಿಂದ ನಾನು ಉಕ್ಕಿನದನ್ನೇ ಬಳಸುತ್ತೇನೆ. ಬಲವಾದ ಅಯಸ್ಕಾಂತವನ್ನು ಮಾಂಸದ ಮೇಲೆ ಆಡಿಸಿದರೆ ಮೇಲ್ಪದರದಲ್ಲಿ ಅಡಗಿದ ಚರೆ ಎಲ್ಲಿದೆಯೆಂದು ಗೊತ್ತಾಗುತ್ತದೆ. ಹಲ್ಲು ಮುರಿಯುವುದಕ್ಕಿಂತ ಈ ತಾಪತ್ರಯ ವಾಸಿ.

ಕಾಲಿನ ಮುಳ್ಳು ಮೊಂಡಾಗಿ ಗಿಡ್ಡವಾಗಿದ್ದರೆ ಅದು ಎಳೆಯ ಹುಂಜ, ಚರ್ಮಸಮೇತ ಇಡಿಯಾಗಿ ಓವನ್ನಿನಲ್ಲಿ ಬೇಯಿಸಲು ಯೋಗ್ಯ. ಮುಳ್ಳು ಉದ್ದವಾಗಿ ಚೂಪಾಗಿದ್ದರೆ ಅದು ಬಲಿತದ್ದು. ಅದನ್ನು ತುಂಡು ಮಾಡಿ, ಸಣ್ಣ ಉರಿಯಲ್ಲಿ ಎರಡು ಗಂಟೆಯಾದರೂ ಬೇಯಿಸಿ, ಕೊನೆಗೆ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಹಾಕಿ ಇಳಿಸುತ್ತೇನೆ.